ತೊಗರಿ ಬೆಲೆ ಕುಸಿತಕ್ಕೆ ಆಮದು ಎಷ್ಟರಮಟ್ಟಿಗೆ ಕಾರಣ? ಲೆಕ್ಕ ಒಂದು ಹೇಳುತ್ತಿದೆ, ರೈತರು ಇನ್ನೊಂದು ಹೇಳುತ್ತಿದ್ದಾರೆ

ಪ್ರಶ್ನೆ: ಎರೆಭೂಮಿ

ನಾನು ಕೃಷಿ ಅರ್ಥಶಾಸ್ತ್ರದ ಸ್ನಾತಕೋತ್ತರ ವಿದ್ಯಾರ್ಥಿನಿ. ಕಲಬುರಗಿ ಜಿಲ್ಲೆಯ ತೊಗರಿ ಬೆಲೆ ಮತ್ತು ರೈತರ ಆದಾಯದ ಕುರಿತು ಪ್ರಬಂಧ ಬರೆಯುತ್ತಿದ್ದೇನೆ. ಹಿನ್ನೆಲೆ ನಿಮಗೆಲ್ಲ ಗೊತ್ತಿರುವುದೇ. 2015ರ ಕೊನೆಯಲ್ಲಿ ತೊಗರಿಬೇಳೆ ಕಿಲೋಗೆ 200 ರೂಪಾಯಿಯ ಆಸುಪಾಸಿಗೆ ಏರಿತ್ತು. ಅದನ್ನು ಕಂಡು ಮರುವರ್ಷ ರೈತರು ಹೆಚ್ಚು ಹೊಲದಲ್ಲಿ ತೊಗರಿ ಬಿತ್ತಿದರು, ಮಳೆಯೂ ಕೈಹಿಡಿಯಿತು, ದೇಶದ ಉತ್ಪಾದನೆ ಸುಮಾರು 25 ಲಕ್ಷ ಟನ್‌ನಿಂದ 48 ಲಕ್ಷ ಟನ್‌ಗೆ ಜಿಗಿಯಿತು. ಆ ಸುಗ್ಗಿಯಲ್ಲಿ ಮಾರುಕಟ್ಟೆ ದರವು ಬೋನಸ್ ಸೇರಿ ಕ್ವಿಂಟಲ್‌ಗೆ 5,050 ರೂಪಾಯಿ ಇದ್ದ ಬೆಂಬಲ ಬೆಲೆಗಿಂತ ಕೆಳಕ್ಕಿಳಿಯಿತು. ಅದೇ ಬಿತ್ತನೆಯ ಹಂಗಾಮಿನಲ್ಲಿ, ಅಂದರೆ 2016ರ ಜುಲೈನಲ್ಲಿ, ಮೊಜಾಂಬಿಕ್‌ನಿಂದ ವರ್ಷಕ್ಕೆ 1 ಲಕ್ಷ ಟನ್‌ನಿಂದ ಆರಂಭಿಸಿ 2 ಲಕ್ಷ ಟನ್‌ವರೆಗೆ ಬೇಳೆಕಾಳು ತರಿಸುವ ಒಪ್ಪಂದಕ್ಕೂ ಸಹಿ ಬಿದ್ದಿತ್ತು. 2017ರ ಆಗಸ್ಟ್‌ನಲ್ಲಿ ತೊಗರಿ ಆಮದಿಗೆ 2 ಲಕ್ಷ ಟನ್‌ನ ಮಿತಿ ಬಂತು. 2021ರ ಮೇ ತಿಂಗಳಲ್ಲಿ ಆಮದನ್ನು ಮತ್ತೆ ಮುಕ್ತಗೊಳಿಸಲಾಯಿತು.

ನನ್ನ ತೊಡಕು ಇದು. ತಿಂಗಳವಾರು ಮಾರುಕಟ್ಟೆ ದರವನ್ನು ಆಮದಿನ ಪ್ರಮಾಣದೊಂದಿಗೆ ರಿಗ್ರೆಷನ್‌ಗೆ (ಒಂದರ ಏರಿಳಿತಕ್ಕೂ ಇನ್ನೊಂದರ ಏರಿಳಿತಕ್ಕೂ ಇರುವ ನಂಟನ್ನು ಅಳೆಯುವ ಲೆಕ್ಕಕ್ಕೆ) ಹಾಕಿದರೆ ಗುಣಾಂಕ ಧನಾತ್ಮಕವಾಗಿ ಬರುತ್ತಿದೆ. ಅಂದರೆ ಆಮದು ಹೆಚ್ಚಿದಂತೆ ಬೆಲೆಯೂ ಏರುತ್ತದೆ ಎಂದಾಯಿತು. ಆಳಂದ ತಾಲ್ಲೂಕಿನಲ್ಲಿ ನಾನು ಮಾತನಾಡಿಸಿದ ರೈತರಲ್ಲಿ ಒಬ್ಬರೂ ಇದನ್ನು ಒಪ್ಪುವುದಿಲ್ಲ. ತಪ್ಪು ನನ್ನ ಲೆಕ್ಕದ್ದೋ, ಅವರ ತಿಳಿವಳಿಕೆಯದ್ದೋ?

ಉತ್ತರ 1: ಅಂಕಿಸಂಖ್ಯೆ

ನೀವು ಗುಣಿಸಿ ಕೂಡಿಸಿದ್ದರಲ್ಲಿ ತಪ್ಪಿಲ್ಲ, ಆದರೆ ಆ ಗುಣಾಂಕಕ್ಕೆ ನೀವು ಕೊಟ್ಟಿರುವ ಅರ್ಥದಲ್ಲಿ ತಪ್ಪಿದೆ. ಸರ್ಕಾರ ಆಮದಿನ ಬಾಗಿಲು ತೆರೆಯುವುದು ಬೇಳೆ ತುಟ್ಟಿಯಾದಾಗ, ಮುಚ್ಚುವುದು ಬೆಲೆ ಬಿದ್ದು ರೈತರು ಬೀದಿಗಿಳಿದಾಗ. ಹೀಗಿರುವಾಗ ಆಮದು ಹೆಚ್ಚಿರುವ ತಿಂಗಳುಗಳಲ್ಲಿ ಬೆಲೆಯೂ ಹೆಚ್ಚಿರುವುದು ಸಹಜ. ಕೊಡೆ ಬಿಚ್ಚಿದವರ ಸಂಖ್ಯೆಗೂ ಮಳೆಗೂ ಇರುವ ನಂಟನ್ನು ಕಂಡು, ಕೊಡೆಯಿಂದಲೇ ಮಳೆ ಬಂತು ಎಂದು ಬರೆದಂತಾಗುತ್ತದೆ. ನಮಗೆ ಬೇಕಾದದ್ದು, ಆಮದು ಬಾರದೇ ಇದ್ದಿದ್ದರೆ ಅದೇ ತಿಂಗಳಲ್ಲಿ ಬೆಲೆ ಎಷ್ಟಿರುತ್ತಿತ್ತು ಎಂಬ ಅಂದಾಜು.

ಅದಕ್ಕೆ ನಮ್ಮ ಬೆಲೆಯ ಏರಿಳಿತದಿಂದ ಹುಟ್ಟದ, ಆದರೂ ಆಮದಿನ ಪ್ರಮಾಣವನ್ನು ಅಲುಗಾಡಿಸುವ ಒಂದು ಚಲಕ, ಅಂದರೆ ಬದಲಾಗುತ್ತಿರುವ ಅಂಶ, ಬೇಕು. ಮೊಜಾಂಬಿಕ್ ಮತ್ತು ಮಲಾವಿಯ ಮಳೆ ಅಂಥದ್ದೊಂದು. ಅಲ್ಲಿ ಮಳೆಗಾಲ ನಮ್ಮ ಚಳಿಗಾಲದಲ್ಲಿ ಬರುತ್ತದೆ, ಕಟಾವು ನಮ್ಮ ಮುಂಗಾರಿನ ಹೊತ್ತಿಗೆ ಮುಗಿಯುತ್ತದೆ, ಮಾಲು ನಮ್ಮ ಬಂದರುಗಳನ್ನು ತಲುಪುವುದು ನಮ್ಮ ತೊಗರಿ ರಾಶಿಗೆ ಸ್ವಲ್ಪ ಮುಂಚೆ. ಪೆಸಿಫಿಕ್ ಸಾಗರ ಬಿಸಿಯೇರುವ ಎಲ್ ನಿನೊ ಒಂದೇ ಸುತ್ತಿನಲ್ಲಿ ನಮ್ಮ ಮುಂಗಾರನ್ನೂ ಅವರ ಮಳೆಯನ್ನೂ ಮುಟ್ಟಬಲ್ಲದಾದ್ದರಿಂದ ನಮ್ಮ ಮಳೆಯನ್ನು ಪ್ರತ್ಯೇಕವಾಗಿ ಸೇರಿಸಿಕೊಳ್ಳುವುದನ್ನು ಮರೆಯಬೇಡಿ.

ಇನ್ನೊಂದು ಮಾತು ತೊಗರಿಗೇ ವಿಶಿಷ್ಟವಾದದ್ದು. ಪಠ್ಯಪುಸ್ತಕಗಳು ಆಮದು ಮಾಡಿಕೊಳ್ಳುವ ದೇಶಕ್ಕೆ ಜಾಗತಿಕ ಬೆಲೆ ಹೊರಗಿನಿಂದ ಬಂದದ್ದು ಎಂದು ಭಾವಿಸುತ್ತವೆ. ತೊಗರಿಯ ವಿಷಯದಲ್ಲಿ ಇದು ನಡೆಯುವುದಿಲ್ಲ. ಅತಿ ಹೆಚ್ಚು ಬೆಳೆಯುವವರೂ ನಾವೇ, ತಿನ್ನುವವರೂ ನಾವೇ, ಕೊಳ್ಳುವವರೂ ನಾವೇ. ಮ್ಯಾನ್ಮಾರ್‌ನ ಲೆಮನ್ ಎಂಬ ಬಗೆಯ ತೊಗರಿಯನ್ನು ಬಹುಮಟ್ಟಿಗೆ ನಮ್ಮ ಮಾರುಕಟ್ಟೆಯನ್ನು ನಂಬಿಯೇ ಬೆಳೆಯುತ್ತಾರೆ. 2017ರಲ್ಲಿ ನಾವು ಮಿತಿ ಹೇರಿದಾಗ ಮೊಜಾಂಬಿಕ್‌ನ ಸಣ್ಣ ರೈತರಿಗೆ ಸಿಗುತ್ತಿದ್ದ ಬೆಲೆ ನೆಲಕಚ್ಚಿತು. ಆದ್ದರಿಂದ ಬಂದರಿಗೆ ಬಂದಿಳಿದ ಮಾಲಿನ ಬೆಲೆಯನ್ನು ಸ್ವತಂತ್ರ ಚಲಕವೆಂದು ತೆಗೆದುಕೊಂಡರೆ ಹಳೆಯ ತಪ್ಪೇ ಹೊಸ ವೇಷದಲ್ಲಿ ಬರುತ್ತದೆ.

ಉತ್ತರ 2: ಹೊಲದ ಬದು

ನಾನು ಚಿತ್ತಾಪುರ ಕಡೆಯ ರೈತ, ನಿವೃತ್ತ ಶಿಕ್ಷಕ. ತಂಗಿ, ನಿಮ್ಮ ಲೆಕ್ಕದ ಸೂಕ್ಷ್ಮ ನನಗೆ ತಿಳಿಯದು, ಆದರೆ ವರ್ಷದ ಸರಾಸರಿ ಬೆಲೆಯನ್ನಾಗಲಿ ಹನ್ನೆರಡು ತಿಂಗಳ ಬೆಲೆಯನ್ನಾಗಲಿ ರೈತನ ಬೆಲೆ ಎಂದು ಬರೆಯಬೇಡಿ. ನಮ್ಮಲ್ಲಿ ರಾಶಿ ಆಗುವುದು ಡಿಸೆಂಬರ್–ಜನವರಿಯಲ್ಲಿ. ಅಡತಿ (ದಲ್ಲಾಳಿ) ಅಂಗಡಿಯ ಉದ್ರಿ, ಬೀಜ ಮತ್ತು ಬೆಳೆಗೆ ಹೊಡೆಯುವ ಎಣ್ಣೆಯ ಸಾಲ, ಮನೆಯಲ್ಲಿ ಮದುವೆ, ಇವೆಲ್ಲ ಫೆಬ್ರವರಿ ದಾಟುವವರೆಗೆ ಕಾಯುವುದಿಲ್ಲ. ಜುಲೈನಲ್ಲಿ ದರ ಹತ್ತು ಸಾವಿರ ದಾಟಿದರೂ ಆಗ ಚೀಲ ಇರುವುದು ನಮ್ಮ ಮನೆಯಲ್ಲಲ್ಲ. ತೊಗರಿಯ ನಡುವೆ ಅಕ್ಕಡಿ ಸಾಲಿನಲ್ಲಿ ಬಿತ್ತಿದ ಹೆಸರುಕಾಳು ಚೆನ್ನಾಗಿ ಬಂದು ಸೆಪ್ಟೆಂಬರ್‌ನಲ್ಲಿ ಕೈಗೆ ರೊಕ್ಕ ಸಿಕ್ಕ ವರ್ಷ ಮಾತ್ರ ಕೆಲವರು ತೊಗರಿಯನ್ನು ಹಿಡಿದಿಟ್ಟುಕೊಳ್ಳುತ್ತಾರೆ. ಹೀಗಾಗಿ ಹೆಸರಿನ ಇಳುವರಿಯೂ ತೊಗರಿಯ ಆದಾಯವನ್ನು ನಿರ್ಧರಿಸುತ್ತದೆ. ಇದನ್ನು ಯಾವ ಪ್ರಶ್ನಾವಳಿಯಲ್ಲೂ ಕೇಳಿದ್ದನ್ನು ನಾನು ಕಂಡಿಲ್ಲ.

ಬೆಲೆಯೊಂದನ್ನೇ ನೋಡಿದರೂ ಮೋಸಹೋಗುತ್ತೀರಿ. ಗಿಡ ಒಣಗಿಸುವ ನೆಟೆ ರೋಗ ಬಿದ್ದು ಎಕರೆಗೆ ಎರಡು ಕ್ವಿಂಟಲ್ ಮಾತ್ರ ಕೈಗೆ ಬಂದವನಿಗೆ ಹತ್ತು ಸಾವಿರದ ದರದಲ್ಲಿ ಸಿಗುವುದು ಇಪ್ಪತ್ತು ಸಾವಿರ; ಐದು ಕ್ವಿಂಟಲ್ ಬೆಳೆದವನಿಗೆ ಐದು ಸಾವಿರದ ದರದಲ್ಲಿಯೂ ಇಪ್ಪತ್ತೈದು ಸಾವಿರ ಸಿಗುತ್ತದೆ. ಹಾಗೆಂದು ಬೆಲೆ ಬಿದ್ದರೆ ಚಿಂತೆಯಿಲ್ಲ ಎಂದು ನಾನು ಹೇಳುತ್ತಿಲ್ಲ. ಐದು ಕ್ವಿಂಟಲ್ ಬಿಡಿಸಿ ರಾಶಿ ಮಾಡುವ ಕೂಲಿ ಮತ್ತು ಮಶೀನಿನ ಬಾಡಿಗೆಯನ್ನು ಕಳೆದ ಮೇಲೆ ಉಳಿಯುವುದೆಷ್ಟು ಎಂದು ಕೇಳಿ ಬರೆದುಕೊಳ್ಳಿ.

ಬೆಂಬಲ ಬೆಲೆಗೆ ಕೊಳ್ಳುವ ಸರ್ಕಾರಿ ಖರೀದಿ ಕೇಂದ್ರದ ಬಗ್ಗೆಯೂ ಒಂದು ಮಾತು. 2024–25ರಲ್ಲಿ ಬೆಂಬಲ ಬೆಲೆ 7,550, ರಾಜ್ಯದ ಪ್ರೋತ್ಸಾಹಧನ 450, ಸೇರಿ 8,000 ಆಯಿತು. ಆದರೆ ತೇವಾಂಶ ಶೇ 12 ಮೀರಬಾರದು, ನೋಂದಣಿ ಆಗಿರಬೇಕು, ಹಣ ಖಾತೆಗೆ ಬರುವವರೆಗೆ ಕಾಯಬೇಕು. ಗಂಜ್‌ನಲ್ಲಿ (ಊರ ಮಾರುಕಟ್ಟೆಯಲ್ಲಿ) ಕಡಿಮೆ ಸಿಕ್ಕರೂ ಸಂಜೆಗೆ ಕೈಗೆ ರೊಕ್ಕ ಬರುತ್ತದೆಂದು ಅಲ್ಲಿಯೇ ಸುರಿದು ಬಂದವರನ್ನು ನಾನು ದಡ್ಡರೆನ್ನಲಾರೆ.

ಉತ್ತರ 3: ಬೇಳೆ ಮಿಲ್ಲು

ಆಮದಿನ ಪ್ರಮಾಣಕ್ಕಿಂತ ಆಮದಿನ ಸುದ್ದಿಯನ್ನು ಅಳೆಯಿರಿ ಎಂದು ನನ್ನ ಸಲಹೆ. ಸುಂಕವಿಲ್ಲದ ತೊಗರಿ ಆಮದನ್ನು 2026ರ ಮಾರ್ಚ್‌ವರೆಗೆ ವಿಸ್ತರಿಸಿದ ನಿರ್ಧಾರ ಹೊರಬಿದ್ದದ್ದು 2025ರ ಜನವರಿಯಲ್ಲಿ, ಕಣದಲ್ಲಿ ರಾಶಿ ನಡೆಯುತ್ತಿದ್ದಾಗ. ಅಂಥ ಸುದ್ದಿ ಬಂದ ದಿನ ಹಡಗು ಇನ್ನೂ ಹೊರಟೇ ಇರುವುದಿಲ್ಲ, ಆದರೂ ನಾವು ಮಿಲ್ಲಿನವರು ಆತುರದಿಂದ ಕೊಳ್ಳುವುದನ್ನು ನಿಲ್ಲಿಸುತ್ತೇವೆ. ಇದಕ್ಕೆ 2023ರ ಜೂನ್‌ನಲ್ಲಿ ಬಂದಂಥ ದಾಸ್ತಾನು ಮಿತಿಯ, ಅಂದರೆ ವ್ಯಾಪಾರಿ ಇಷ್ಟಕ್ಕಿಂತ ಹೆಚ್ಚು ಮಾಲು ಇಟ್ಟುಕೊಳ್ಳಬಾರದೆಂಬ ಕಟ್ಟಳೆಯ, ಭಯವೂ ಸೇರುತ್ತದೆ. ಸುಗ್ಗಿಯಲ್ಲಿ ಕೊಂಡು ಗೋದಾಮಿನಲ್ಲಿಟ್ಟ ಮಾಲನ್ನು ಮುಂದೆ ಅವಸರದಲ್ಲಿ ಹೊರಹಾಕಬೇಕಾದೀತು ಎಂದಾದರೆ, ಯಾರು ತಾನೇ ಮೂರು ತಿಂಗಳ ಸರಕನ್ನು ಒಮ್ಮೆಗೇ ಕೊಳ್ಳುತ್ತಾರೆ? ಮಿತಿ ಹೇರುವುದು ವ್ಯಾಪಾರಿಯ ಮೇಲೆ, ಅದರ ಪೆಟ್ಟಿನಲ್ಲಿ ಒಂದು ಪಾಲು ಕಣಕ್ಕೂ ತಗಲುತ್ತದೆ.

ಪ್ರಶ್ನೆ ಕೇಳಿದವರಿಂದ: ಎರೆಭೂಮಿ

ಮೂವರಿಗೂ ಧನ್ಯವಾದಗಳು. ಪ್ರಬಂಧದ ಮೂರನೆಯ ಅಧ್ಯಾಯವನ್ನು ಹೊಸದಾಗಿ ಬರೆಯಬೇಕಾಗುತ್ತದೆ ಎಂದು ತೋರುತ್ತಿದೆ. ತಿಂಗಳ ಸರಾಸರಿಯನ್ನು ಬಿಟ್ಟು ಡಿಸೆಂಬರ್‌ನಿಂದ ಮಾರ್ಚ್‌ವರೆಗಿನ ದಿನದ ದರವನ್ನೂ ಆವಕವನ್ನೂ (ಮಾರುಕಟ್ಟೆಗೆ ಬಂದ ಮಾಲಿನ ಪ್ರಮಾಣವನ್ನೂ) ತೆಗೆದುಕೊಂಡು, ಪ್ರತಿ ಅಧಿಸೂಚನೆಯ ಹಿಂದಿನ ಮತ್ತು ಮುಂದಿನ ಹತ್ತು ದಿನಗಳ ದರವನ್ನು ಹೋಲಿಸಿ ನೋಡುತ್ತೇನೆ. ಆಫ್ರಿಕಾದ ಮಳೆಯ ಲೆಕ್ಕವನ್ನು ಬೇರೆಯಾಗಿ ಮಾಡುತ್ತೇನೆ. ಪ್ರಶ್ನಾವಳಿಯಲ್ಲಿ ಹೆಸರುಕಾಳು ಮಾರಿದ ತಾರೀಕು, ಅಡತಿಯ ಉದ್ರಿ, ರಾಶಿಯ ಖರ್ಚು ಈ ಮೂರು ಕಲಂಗಳನ್ನು ಇವತ್ತೇ ಸೇರಿಸಿದೆ. ಚಿತ್ತಾಪುರದ ಗುರುಗಳೇ, ಉದ್ರಿಯ ಮೊತ್ತವನ್ನು ನೇರವಾಗಿ ಕೇಳಿದರೆ ಜನ ಹೇಳುವುದಿಲ್ಲ. ಅದನ್ನು ಹೇಗೆ ಕೇಳಬೇಕೆಂದು ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ 4: ಹೊಲದ ಬದು

ಮೊತ್ತವನ್ನು ಕೇಳಲೇಬೇಡಿ. ಯಾವ ಅಂಗಡಿಗೆ ಮಾಲು ಹಾಕುತ್ತೀರಿ, ಎಷ್ಟು ವರ್ಷದಿಂದ ಹಾಕುತ್ತೀರಿ, ಈ ಸಲ ಬೇರೆ ಅಂಗಡಿಗೆ ಹಾಕಬಹುದಿತ್ತೇ ಎಂದಷ್ಟೇ ಕೇಳಿ. ಮೂರನೆಯ ಪ್ರಶ್ನೆಗೆ ಅವರು ನಕ್ಕು ಸುಮ್ಮನಾದರೆ, ಆ ಅಂಗಡಿಗೆ ಕಟ್ಟುಬೀಳುವಂಥ ಉದ್ರಿ ಇದೆ ಎಂದು ಬರೆದುಕೊಳ್ಳಿ.