ಬೋರ್ಡ್ ಔಟ್ ಆದ ಸಿಪಾಯಿ ಮತ್ತೆ ಸೇನೆಗೆ ಸೇರಬಹುದೇ? ತಿಳಿದವರ ಉತ್ತರಗಳು

ಪ್ರಶ್ನೆ: ನನ್ನ ತಮ್ಮ ಇನ್‌ಫೆಂಟ್ರಿಯಲ್ಲಿ ಸಿಪಾಯಿ ಆಗಿದ್ದ, ಏಳು ವರ್ಷದ ಸರ್ವಿಸ್. ಬಿಪಿಇಟಿ (ಸೇನೆಯ ದೈಹಿಕ ಸಾಮರ್ಥ್ಯ ಪರೀಕ್ಷೆ) ಓಟದಲ್ಲಿ ಬಿದ್ದು ಬಲ ಮೊಣಕಾಲಿನ ಲಿಗಮೆಂಟ್ ಹರಿಯಿತು. ಎರಡು ಆಪರೇಷನ್ ಆದರೂ ಸರಿಹೋಗದೆ ಬೋರ್ಡ್ ಔಟ್ ಮಾಡಿದರು, ಅಂದರೆ ವೈದ್ಯಕೀಯ ಮಂಡಳಿ ಅನರ್ಹ ಎಂದು ಸೇವೆಯಿಂದ ಹೊರಗೆ ಕಳಿಸಿತು. ಮೂರು ತಿಂಗಳಾಯಿತು. ಅಂಗವೈಕಲ್ಯ 30% ಎಂದು ಬರೆದಿದ್ದಾರೆ. ಈಗ ಫಿಸಿಯೋಥೆರಪಿಯಿಂದ ಚೆನ್ನಾಗಿ ನಡೆಯುತ್ತಾನೆ, ನಿಧಾನಕ್ಕೆ ಓಡುತ್ತಾನೆ. ಮತ್ತೆ ಯೂನಿಟ್‌ಗೆ ಹೋಗಬೇಕು ಅನ್ನುವುದೊಂದೇ ಹಠ. ಖಾಸಗಿ ಡಾಕ್ಟರಿಂದ ‘ಪೂರ್ತಿ ಫಿಟ್’ ಅಂತ ಸರ್ಟಿಫಿಕೇಟ್ ಬರೆಸಿಕೊಂಡು ರೆಕಾರ್ಡ್ಸ್ ಆಫೀಸಿಗೆ ಕಳಿಸಲು ಹೊರಟಿದ್ದಾನೆ. ಪಿಂಚಣಿ ಇನ್ನೂ ಶುರುವಾಗಿಲ್ಲ. ದಾರಿ ಹೇಳಿ.

ನಿವೃತ್ತ ಸುಬೇದಾರ್ (ಕ್ಲರ್ಕ್), ಬೆಳಗಾವಿ: ತಂಗಿ, ಮೊದಲು ಆ ಸರ್ಟಿಫಿಕೇಟ್ ಕಳಿಸುವುದನ್ನು ತಡೆಯಿರಿ. ಖಾಸಗಿ ಡಾಕ್ಟರ ಮಾತಿನ ಮೇಲೆ ಸೇನೆ ಯಾರನ್ನೂ ವಾಪಸ್ ತಗೊಳ್ಳುವುದಿಲ್ಲ. ಆದರೆ ಅದೇ ಕಾಗದ ನಾಳೆ ಪಿಂಚಣಿ ಫೈಲಿನಲ್ಲಿ ಕೂತು ನಿಮ್ಮ ತಮ್ಮನ ವಿರುದ್ಧವೇ ಮಾತಾಡುತ್ತದೆ. ಬೋರ್ಡ್ ಬರೆದ ಶೇಕಡಾವಾರು ಜೀವನಪರ್ಯಂತಕ್ಕೆ ಅಂತ ರಕ್ಷಣಾ ಸಚಿವಾಲಯದ 2001ರ ಫೆಬ್ರವರಿ 7ರ ಆದೇಶ ಇದೆ. ಅದನ್ನು ಮತ್ತೆ ತೆರೆಯಬೇಕಾದರೆ ಸ್ವತಃ ಸೈನಿಕನೇ ಮರುಪರೀಕ್ಷೆ ಕೇಳಬೇಕು. ‘ನಾನು ಗುಣವಾಗಿದ್ದೇನೆ, ನೋಡಿ’ ಎಂದು ಬರೆದರೆ ಕೇಳಿದ ಹಾಗೇ ಆಯಿತು. 30% ಇದ್ದದ್ದು 20ಕ್ಕಿಂತ ಕೆಳಗಿಳಿದರೆ ಕೈಗೆ ಬಂದ ತುತ್ತೂ ಹೋಗುತ್ತದೆ.

ವಾಪಸ್ ಹೋಗುವ ವಿಚಾರವನ್ನೂ ನೇರವಾಗಿ ಹೇಳುತ್ತೇನೆ, ಬೇಜಾರಾಗಬೇಡಿ. 2022ರಿಂದ ಸಿಪಾಯಿ ಭರ್ತಿ ನಡೆಯುವುದು ಅಗ್ನಿಪಥದಲ್ಲಿ ಮಾತ್ರ. ಏಳು ವರ್ಷ ಸರ್ವಿಸ್ ಆದವನ ವಯಸ್ಸು ಅದಕ್ಕೆ ಯಾವತ್ತೋ ದಾಟಿರುತ್ತದೆ. ಡಿಎಸ್‌ಸಿ (ಸೇನಾ ನೆಲೆಗಳ ಕಾವಲು ಪಡೆ) ಮಾಜಿ ಸೈನಿಕರನ್ನೇ ತಗೊಳ್ಳುತ್ತದೆ ನಿಜ, ಆದರೆ ಅಲ್ಲಿ ಶೇಪ್-1, ಅಂದರೆ ಪೂರ್ತಿ ಫಿಟ್ ಇರುವ ವೈದ್ಯಕೀಯ ದರ್ಜೆ, ಬೇಕು. ಟೆರಿಟೋರಿಯಲ್ ಆರ್ಮಿಗೆ (ಟಿಎ, ಅರೆಕಾಲಿಕ ಸೇನೆ) 42 ವರ್ಷದವರೆಗೆ ಅವಕಾಶವಿದೆ. ಬೆಳಗಾವಿ, ಕೊಲ್ಲಾಪುರ, ಕೊಯಮತ್ತೂರಿನಲ್ಲಿ ರ‍್ಯಾಲಿ ನಡೆದಾಗ ವಯಸ್ಸಿನ ದೃಷ್ಟಿಯಿಂದ ಅವನು ಹೋಗಬಹುದು, ಮೆಡಿಕಲ್‌ನಲ್ಲಿ ನಿಲ್ಲುತ್ತಾನೆ.

ಮಿಲಿಟರಿ ಆಸ್ಪತ್ರೆಯಲ್ಲಿ ನರ್ಸಿಂಗ್ ಅಸಿಸ್ಟೆಂಟ್ ಆಗಿದ್ದವರು: ಏಕೆ ನಿಲ್ಲುತ್ತಾನೆ ಅನ್ನುವುದನ್ನು ಅವನಿಗೆ ಬಿಡಿಸಿ ಹೇಳಿ, ಇಲ್ಲದಿದ್ದರೆ ಹಠ ಹೋಗುವುದಿಲ್ಲ. ಶೇಪ್‌ನ ಐದು ಅಕ್ಷರಗಳಲ್ಲಿ ಎಸ್ ಮನಸ್ಸಿನದು, ಎಚ್ ಕಿವಿಯದು, ಎ ಕೈಕಾಲಿನದು, ಪಿ ದೇಹದ ಒಟ್ಟು ಶಕ್ತಿಯದು, ಇ ಕಣ್ಣಿನದು. ಪ್ರತಿಯೊಂದಕ್ಕೂ 1ರಿಂದ 5. ಎಲ್ಲ 1 ಇದ್ದರೆ ಶೇಪ್-1. ಯಾವುದರಲ್ಲಾದರೂ 5 ಬಿದ್ದರೆ ಸೇವೆಗೆ ಕಾಯಂ ಅನರ್ಹ. 2 ಅಥವಾ 3 ಇದ್ದವನು ಸರ್ವಿಸಿನಲ್ಲೇ ಇದ್ದು, ರೀ-ಕೆಟಗರಿ ಬೋರ್ಡಿಗೆ (ದರ್ಜೆಯ ಮರುಪರೀಕ್ಷೆಗೆ) ಹೋಗಿ ಮೇಲೇರಬಹುದು. 5 ಬಿದ್ದು ಹೊರಗೆ ಬಂದವನಿಗೆ ಆ ಬೋರ್ಡ್ ಇಲ್ಲ. ಹೊಸ ಭರ್ತಿಯ ಪರೀಕ್ಷೆಯೋ ಇನ್ನೂ ಬಿಗಿ. ಮೊಣಕಾಲಿನ ಎರಡೂ ಬದಿಯಲ್ಲಿ ಆರ್ಥ್ರೋಸ್ಕೋಪಿಯ ಸಣ್ಣ ಗುರುತು, ತೊಡೆಯ ಮಾಂಸ ಇನ್ನೊಂದು ಕಾಲಿಗಿಂತ ಸಣಕಲು. ಟೇಪು ಹಿಡಿದ ಡಾಕ್ಟರಿಗೆ ಇಷ್ಟು ಸಾಕು.

ಸರ್ವಿಸಿನಲ್ಲಿದ್ದುಕೊಂಡು ಲೋ ಮೆಡಿಕಲ್ ಕೆಟಗರಿ (ಶೇಪ್-1ಕ್ಕಿಂತ ಕೆಳಗಿನ ದರ್ಜೆ) ಆದವರು ಇದನ್ನು ಓದುತ್ತಿದ್ದರೆ ಒಂದು ಮಾತು: ಕುಳಿತು ಮಾಡುವ ಶೆಲ್ಟರ್ಡ್ ಅಪಾಯಿಂಟ್‌ಮೆಂಟಿಗೆ ಸಿಒ (ಯೂನಿಟ್‌ನ ಕಮಾಂಡಿಂಗ್ ಆಫೀಸರ್) ಶಿಫಾರಸು ಬೇಕು. ಅದನ್ನು ಒಳಗಿರುವಾಗಲೇ ಲಿಖಿತವಾಗಿ ಕೇಳಿ. ಹೊರಗೆ ಬಂದ ಮೇಲೆ ಯಾರೂ ಕೇಳಿಸಿಕೊಳ್ಳುವುದಿಲ್ಲ.

ಅಕ್ಕಾ, ಈಗ ನೋಡಬೇಕಾದ ಕಾಗದ ಎಎಫ್‌ಎಂಎಸ್‌ಎಫ್-16, ಅಂದರೆ ಬೋರ್ಡಿನ ನಡಾವಳಿ. ಅದರಲ್ಲಿ ಶೇಕಡಾವಾರಿಗಿಂತ ಮುಖ್ಯ, ಗಾಯ ಸೇವೆಯಿಂದ ಬಂತೇ ಅಥವಾ ಸೇವೆಯಿಂದ ಹೆಚ್ಚಾಯಿತೇ ಎನ್ನುವ ಕಲಂ. ಅಲ್ಲಿ ಏನು ಬರೆದಿದ್ದಾರೆ?

ಪ್ರಶ್ನೆ ಕೇಳಿದವರು: ಎರಡಕ್ಕೂ ‘ನೋ’ ಅಂತಿದೆ ಸರ್. ಇಂಜುರಿ ರಿಪೋರ್ಟ್ ಅನ್ನುವುದು ನಮ್ಮ ಕೈಯಲ್ಲಿಲ್ಲ.

ನರ್ಸಿಂಗ್ ಅಸಿಸ್ಟೆಂಟ್ ಆಗಿದ್ದವರು: ಹಾಗಾದರೆ ಅಸಲಿ ಕೆಲಸ ಇಲ್ಲಿದೆ. ಆ ‘ನೋ’ ಇರುವವರೆಗೆ ಡಿಸೆಬಿಲಿಟಿ ಪಿಂಚಣಿ ಸಿಗುವುದಿಲ್ಲ. ಬಿಪಿಇಟಿ ಪಕ್ಕಾ ಡ್ಯೂಟಿ. ಅದರಲ್ಲಿ ಬಿದ್ದ ಗಾಯಕ್ಕೆ ಯೂನಿಟ್ ಐಎಎಫ್‌ವೈ-2006 ನಮೂನೆಯಲ್ಲಿ ಇಂಜುರಿ ರಿಪೋರ್ಟ್ ಮಾಡಿರಬೇಕು. ಬಹಳ ಸಲ ಅದು ಯೂನಿಟ್‌ನಿಂದ ಆಸ್ಪತ್ರೆಗೆ ಬಂದೇ ಇರುವುದಿಲ್ಲ, ಕಾಗದ ಇಲ್ಲದೆ ಬೋರ್ಡ್ ‘ನೋ’ ಬರೆದುಬಿಡುತ್ತದೆ. ಆರ್‌ಟಿಐ ಹಾಕಿ. ಆನ್‌ಲೈನ್ ಪೋರ್ಟಲ್‌ನಲ್ಲಿ ಭಾರತೀಯ ಸೇನೆಯನ್ನು ಆರಿಸಿ, ಶುಲ್ಕ 10 ರೂಪಾಯಿ, ಆಧಾರ್ ಪ್ರತಿ ಲಗತ್ತಿಸಿ. ಅರ್ಜಿ ತಮ್ಮನ ಹೆಸರಲ್ಲೇ ಇರಲಿ, ಏಕೆಂದರೆ ಇನ್ನೊಬ್ಬರ ವೈದ್ಯಕೀಯ ಕಾಗದ ಕೊಡುವುದಿಲ್ಲ. ಬೋರ್ಡಿನ ಪೂರ್ತಿ ನಡಾವಳಿ, ಇಂಜುರಿ ರಿಪೋರ್ಟ್, ಕೋರ್ಟ್ ಆಫ್ ಎಂಕ್ವೈರಿ (ಸೇನೆಯ ಒಳತನಿಖೆ) ಆಗಿದ್ದರೆ ಅದರ ಅಭಿಪ್ರಾಯ, ಭರ್ತಿಯ ದಿನದ ಮೆಡಿಕಲ್, ಆಸ್ಪತ್ರೆಯ ಕೇಸ್ ಶೀಟ್ ಎಂದು ಒಂದೊಂದಾಗಿ ಹೆಸರಿಸಿ ಕೇಳಿ. ‘ಎಲ್ಲ ದಾಖಲೆ ಕೊಡಿ’ ಎಂದರೆ ಅರ್ಧ ಕೊಟ್ಟು ಕೈತೊಳೆದುಕೊಳ್ಳುತ್ತಾರೆ. ಉತ್ತರಕ್ಕೆ 30 ದಿನ, ಬರದಿದ್ದರೆ ಮೊದಲ ಮೇಲ್ಮನವಿ.

(ಹೃದಯದ ಕಾಯಿಲೆಯವರು ಕಾಯಿಲೆ ಬರುವ ಹಿಂದಿನ 14 ದಿನಗಳ ಚಾರ್ಟರ್ ಆಫ್ ಡ್ಯೂಟೀಸ್ (ಆ ದಿನಗಳ ಕೆಲಸದ ಪಟ್ಟಿ) ಕೇಳಬೇಕು. ಮಾನಸಿಕ ಕಾಯಿಲೆಯವರು ಸಿಒ ಬರೆದ ಎಎಫ್‌ಎಂಎಸ್‌ಎಫ್-10 ವರದಿ ಕೇಳಬೇಕು.)

ಸೈನಿಕರ ಪಿಂಚಣಿ ಪ್ರಕರಣ ನಡೆಸುವ ವಕೀಲರು: ಕಾಗದ ಸಿಕ್ಕಿದ ಮೇಲೆ ಎರಡು ವಿಷಯವನ್ನು ಬೇರೆ ಬೇರೆ ಇಟ್ಟುಕೊಳ್ಳಿ. ಡಿಸ್ಚಾರ್ಜ್ ಆದೇಶವೇ ತಪ್ಪು ಎನ್ನುವುದು ಒಂದು. ಡಿಸ್ಚಾರ್ಜ್ ಸರಿ, ಆದರೆ ಪಿಂಚಣಿ ಕೊಡಬೇಕು ಎನ್ನುವುದು ಇನ್ನೊಂದು. ಎರಡನ್ನೂ ಒಂದೇ ಅರ್ಜಿಯಲ್ಲಿ ಕಲಸಿದರೆ ಎರಡೂ ಕೆಡುತ್ತವೆ.

ಕಾನೂನಿನ ಮೂಲಕ ಸಮವಸ್ತ್ರಕ್ಕೆ ಮರಳುವ ಗಟ್ಟಿ ದಾರಿ ಮೊದಲನೆಯದು ಮಾತ್ರ. 2008ರಲ್ಲಿ ರಾಜ್‌ಪಾಲ್ ಸಿಂಗ್ ಎಂಬ ಜೆಸಿಒ (ಕಿರಿಯ ಅಧಿಕಾರಿ) ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಲೋ ಮೆಡಿಕಲ್ ಕೆಟಗರಿ ಕಾರಣಕ್ಕೆ ಮನೆಗೆ ಕಳಿಸುವ ಮುಂಚೆ ಇನ್ವ್ಯಾಲಿಡಿಂಗ್ ಬೋರ್ಡ್ (ಸೇವೆಗೆ ಅನರ್ಹನೇ ಎಂದು ನೋಡುವ ವೈದ್ಯಕೀಯ ಮಂಡಳಿ) ನಡೆಸಲೇಬೇಕು, ಇಲ್ಲದಿದ್ದರೆ ಆದೇಶ ನಿಲ್ಲದು ಎಂದು ಹೇಳಿತು. ಆದ್ದರಿಂದ ಡಿಸ್ಚಾರ್ಜ್ ಸರ್ಟಿಫಿಕೇಟಿನಲ್ಲಿ 1954ರ ಆರ್ಮಿ ರೂಲ್ಸ್‌ನ 13ನೇ ನಿಯಮದ ಯಾವ ಐಟಂ ನಮೂದಾಗಿದೆ ನೋಡಿ. ಇನ್ವ್ಯಾಲಿಡಿಂಗ್ ಬೋರ್ಡ್ ಶಿಫಾರಸಿನ ಐಟಂ ಇದ್ದು ಬೋರ್ಡ್ ನಿಜಕ್ಕೂ ನಡೆದಿದ್ದರೆ ಈ ಬಾಗಿಲು ಮುಚ್ಚಿದೆ. ನೀವು ಹೇಳಿದ್ದನ್ನು ನೋಡಿದರೆ ನಡೆದಿದೆ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯ 20ನೇ ಕಲಂ ನೌಕರಿ ಉಳಿಸುತ್ತದೆ ಎಂದು ಕೆಲವರು ಹೇಳಬಹುದು. 2021ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಸಶಸ್ತ್ರ ಪಡೆಗಳ ಯೋಧರನ್ನು ಆ ಕಲಮಿನಿಂದ ಹೊರಗಿಟ್ಟಿದೆ.

ಪಿಂಚಣಿಯ ಕೇಸ್ ಮಾತ್ರ ಬಲವಾಗಿದೆ. ಭರ್ತಿಯ ದಿನ ಕಾಲಿನ ದೋಷ ಬರೆದಿರದಿದ್ದರೆ ಅವನು ಆರೋಗ್ಯವಾಗಿದ್ದ ಎಂದೇ ಹಿಡಿಯಬೇಕು ಎಂದು ಧರ್ಮವೀರ್ ಸಿಂಗ್ ಪ್ರಕರಣದಲ್ಲಿ (2013) ಸುಪ್ರೀಂ ಕೋರ್ಟ್ ಹೇಳಿದೆ. ಬಿಪಿಇಟಿಯ ಗಾಯಕ್ಕೆ ಅಷ್ಟು ದೂರ ಹೋಗುವ ಅಗತ್ಯವೂ ಬೀಳಲಾರದು, ಇಂಜುರಿ ರಿಪೋರ್ಟ್ ಸಾಕು. ಗೆದ್ದರೆ ಸರ್ವಿಸ್ ಎಲಿಮೆಂಟಿಗೆ (ಪಿಂಚಣಿಯಲ್ಲಿ ಸೇವೆಗಾಗಿ ಸಿಗುವ ಭಾಗ) ಕನಿಷ್ಠ ವರ್ಷಗಳ ಷರತ್ತಿಲ್ಲ. ಬೋರ್ಡ್ ಔಟ್ ಆದವರಿಗೆ 20ರಿಂದ 50ರೊಳಗಿನ ಶೇಕಡಾವಾರನ್ನು 50 ಎಂದು ಎಣಿಸುತ್ತಾರೆ. ನೂರಕ್ಕೆ ನೂರು ಅಂಗವೈಕಲ್ಯಕ್ಕೆ ಕೊನೆಯ ಸಂಬಳದ 30% ಡಿಸೆಬಿಲಿಟಿ ಎಲಿಮೆಂಟ್ (ಅಂಗವೈಕಲ್ಯಕ್ಕಾಗಿ ಸಿಗುವ ಭಾಗ). ಹಾಗಾಗಿ ನಿಮ್ಮ ತಮ್ಮನ 30% ಲೆಕ್ಕಕ್ಕೆ 50 ಆಗಿ, ಸಂಬಳದ 15% ಬರುತ್ತದೆ, ಸರ್ವಿಸ್ ಎಲಿಮೆಂಟ್ ಬೇರೆ.

ಪಿಂಚಣಿ ತಿರಸ್ಕಾರದ ಪತ್ರ ಬಂದ ದಿನದಿಂದ ಆರು ತಿಂಗಳೊಳಗೆ ಮೊದಲ ಮೇಲ್ಮನವಿ ಹಾಕಿ, ಆಮೇಲೆ ಎರಡನೆಯದು, ಆಮೇಲೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿ. ಕರ್ನಾಟಕದವರಿಗೆ ಕೊಚ್ಚಿ ಪೀಠ. ಪಿಂಚಣಿಗೆ ತಡವಾದರೂ ಬಾಗಿಲು ಪೂರ್ತಿ ಮುಚ್ಚುವುದಿಲ್ಲ, ಹಿಂಬಾಕಿ ಮಾತ್ರ ಸಾಮಾನ್ಯವಾಗಿ ಮೂರು ವರ್ಷಕ್ಕೆ ಸೀಮಿತ. ಡಿಸ್ಚಾರ್ಜ್ ಆದೇಶ ಪ್ರಶ್ನಿಸುವವರಿಗೆ ಆ ರಿಯಾಯಿತಿ ಇಲ್ಲ, ಅವರು ಒಂದು ದಿನವೂ ಕಳೆಯಬಾರದು.

ಪ್ರಶ್ನೆ ಕೇಳಿದವರು: ಹಳೇ ಸರ್ವಿಸ್ ಮುಚ್ಚಿಟ್ಟು ಟಿಎ ರ‍್ಯಾಲಿಗೆ ಹೋಗು ಅಂತ ಅವನ ಗೆಳೆಯರು ಹೇಳುತ್ತಿದ್ದಾರೆ.

ನಿವೃತ್ತ ಸುಬೇದಾರ್: ಬೇಡವೇ ಬೇಡ. ಭರ್ತಿಯ ಫಾರಂನಲ್ಲಿ ಹಿಂದಿನ ಸರ್ವಿಸ್ ಕೇಳಿಯೇ ಕೇಳುತ್ತಾರೆ. ಗೊತ್ತಿದ್ದೂ ಸುಳ್ಳು ಉತ್ತರ ಕೊಟ್ಟರೆ ಆರ್ಮಿ ಆಕ್ಟ್‌ನ 44ನೇ ಕಲಂ, ಐದು ವರ್ಷದವರೆಗೆ ಸಜೆ. ಬೆರಳಚ್ಚು, ಆಧಾರ್ ಎಲ್ಲ ಇರುವ ಕಾಲದಲ್ಲಿ ಇದು ಮುಚ್ಚಿಡುವ ವಿಷಯವೇ ಅಲ್ಲ.

ಸೈನಿಕ ಕಲ್ಯಾಣ ಕಚೇರಿಯಲ್ಲಿ ಕೆಲಸ ಮಾಡಿದವರು: ಇನ್ನೊಂದು ಕಾರಣಕ್ಕೂ ಆ ‘ನೋ’ ಬದಲಾಗಬೇಕು. ಬೋರ್ಡ್ ಔಟ್ ಆದವನು ಮೀಸಲಾತಿಗೆ ಮಾಜಿ ಸೈನಿಕ ಎನಿಸಿಕೊಳ್ಳಲು ಡಿಸೆಬಿಲಿಟಿ ಪಿಂಚಣಿ ಮಂಜೂರಾಗಿರಬೇಕು. ಅದಾದರೆ ರಾಜ್ಯದ ಹುದ್ದೆಗಳಲ್ಲಿ 10%, ಬ್ಯಾಂಕ್ ಮತ್ತು ಕೇಂದ್ರದ ಸಾರ್ವಜನಿಕ ಉದ್ದಿಮೆಗಳ ‘ಸಿ’ ಗುಂಪಿನಲ್ಲಿ 14.5%. ಆ 14.5ರಲ್ಲಿ 4.5 ಅಂಗವಿಕಲ ಮಾಜಿ ಸೈನಿಕರಿಗೆ ಮತ್ತು ಹುತಾತ್ಮರ ಅವಲಂಬಿತರಿಗೆ. ಬೆಂಗಳೂರಿನ ಎಚ್‌ಎಎಲ್, ಬಿಇಎಲ್, ಬಿಇಎಂಎಲ್ ಇದರೊಳಗೆ ಬರುತ್ತವೆ. ಕೇಂದ್ರದ ‘ಸಿ’ ಗುಂಪಿನ ಹುದ್ದೆಗಳಿಗೆ ವಯಸ್ಸಿನಲ್ಲಿ ಸೇವಾವಧಿ ಮತ್ತು ಇನ್ನೂ ಮೂರು ವರ್ಷ ಕಳೆಯುತ್ತಾರೆ. ಸೈನ್ಯದ ಹತ್ತಿರವೇ ಇರಬೇಕು ಅನ್ನುವವನಿಗೆ ಎಂಇಎಸ್ (ಸೇನೆಯ ಕಟ್ಟಡ ಕಾಮಗಾರಿ ವಿಭಾಗ), ಆರ್ಡ್‌ನೆನ್ಸ್ ಡಿಪೋಗಳ (ಸೇನೆಯ ಸಾಮಗ್ರಿ ಉಗ್ರಾಣ) ಸಿವಿಲಿಯನ್ ಹುದ್ದೆ ಇವೆ, ಅಲ್ಲಿ ಶೇಪ್-1 ಕೇಳುವುದಿಲ್ಲ. ಸಂಬಳದ ಜೊತೆ ಡಿಸೆಬಿಲಿಟಿ ಎಲಿಮೆಂಟ್ ಬರುತ್ತಲೇ ಇರುತ್ತದೆ.

ಅಂಗವಿಕಲ ಕೋಟಾ ಮಾತ್ರ ಬೇರೆ. ಅದಕ್ಕೆ ಯುಡಿಐಡಿ ಕಾರ್ಡ್ (ಅಂಗವಿಕಲರ ಗುರುತಿನ ಚೀಟಿ) ಬೇಕು, ಕನಿಷ್ಠ 40% ಇರಬೇಕು, ಮಿಲಿಟರಿ ಬೋರ್ಡಿನ ಸಂಖ್ಯೆ ಅಲ್ಲಿ ನಡೆಯುವುದಿಲ್ಲ. ಅಗ್ನಿವೀರರಾಗಿದ್ದು ಬೋರ್ಡ್ ಔಟ್ ಆದವರಿಗೆ ಮೇಲಿನ ಪಿಂಚಣಿ ಲೆಕ್ಕ ಅನ್ವಯಿಸುವುದಿಲ್ಲ. ಸೇವೆಯಿಂದಲೇ ಬಂದ ಅಂಗವೈಕಲ್ಯಕ್ಕೆ 100, 75, 50 ಶೇಕಡಾ ಪ್ರಕಾರ 44, 25, 15 ಲಕ್ಷ ಒಂದೇ ಸಲದ ಪರಿಹಾರ.

ಈ ವಾರವೇ ತಮ್ಮನನ್ನು ಡಿಸ್ಚಾರ್ಜ್ ಬುಕ್ ಸಮೇತ ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಗೆ ಕಳಿಸಿ ಹೆಸರು ನೋಂದಾಯಿಸಲು ಹೇಳಿ. ಮೇಲ್ಮನವಿಯ ಅರ್ಜಿ ಬರೆಯಲು ಅಲ್ಲಿ ಸಹಾಯ ಮಾಡುತ್ತಾರೆ, ದುಡ್ಡು ಕೊಡಬೇಕಿಲ್ಲ.