ನೀರು ಸಾಲದ ಬೋರ್‌ಗೆ ಹೈಡ್ರೋಫ್ರ್ಯಾಕ್ಚರಿಂಗ್: ಮಾಡಿಸಿದವರು ಹೇಳಿ

ಚಿಂತಾಮಣಿ ಹತ್ತಿರ ನಮ್ಮ ತೋಟ. 600 ಅಡಿ ಬೋರ್, ಕೊರೆಸಿದಾಗಿನಿಂದಲೂ ಅರ್ಧ ಇಂಚು ನೀರು ಅಷ್ಟೇ. ಪಕ್ಕದ ತೋಟದಲ್ಲಿ ಎರಡು ಇಂಚು ಬರುತ್ತಿದೆ. ಹೊಸದು ಕೊರೆಸುವ ಬದಲು ಹೈಡ್ರೋಫ್ರ್ಯಾಕ್ಚರಿಂಗ್ ಮಾಡಿಸಿ ಅಂತಾರೆ, ಅಂದರೆ ಬೋರ್ ಒಳಗೆ ಒತ್ತಡದಲ್ಲಿ ನೀರು ನುಗ್ಗಿಸಿ ಕಲ್ಲಿನ ಬಿರುಕು ತೆರೆಸುವುದು. ಮಾಡಿಸಬಹುದಾ?

ಶಿರಾದಿಂದ: ನಿಮ್ಮದಕ್ಕೆ ಮಾಡಿಸಿ ನೋಡಬಹುದು. ಪಕ್ಕದಲ್ಲಿ ನೀರಿದೆ, ನಿಮಗೆ ಬರುತ್ತಿಲ್ಲ, ಅಲ್ವಾ? ನಮ್ಮ ಕಡೆಯ ಗಟ್ಟಿ ಕಲ್ಲಿನಲ್ಲಿ ನೀರು ಓಡಾಡುವುದು ಬಿರುಕುಗಳಲ್ಲಿ ಮಾತ್ರ. ಬೋರ್ ಒಳ್ಳೆ ಬಿರುಕಿನ ಪಕ್ಕದಲ್ಲೇ ಇಳಿದೂ ಅದಕ್ಕೆ ತಾಗದೆ ಇರಬಹುದು. ತಾಗಿದ್ದರೂ ಮಣ್ಣು ಕಟ್ಟಿಕೊಂಡಿರಬಹುದು.

ನಮ್ಮಲ್ಲಿ ಮೊದಲು ಮೋಟರ್, ಪೈಪ್ ಎಲ್ಲ ಮೇಲೆತ್ತಿದರು. ಬೋರ್‌ನ ಮೇಲ್ಭಾಗಕ್ಕೆ ಇಳಿಸಿರುವ ಕೇಸಿಂಗ್ ಪೈಪ್‌ಗಿಂತ ಸಾಕಷ್ಟು ಕೆಳಗೆ, ಬಿರುಕಿಲ್ಲದ ಕಲ್ಲಿನಲ್ಲಿ ಪ್ಯಾಕರ್ ಕೂರಿಸಿದರು. ಅದು ಉಬ್ಬಿಕೊಂಡು ಬೋರನ್ನು ಬಿರಡೆಯ ಹಾಗೆ ಮುಚ್ಚುತ್ತದೆ. ಅದರ ಕೆಳಕ್ಕೆ ಟ್ಯಾಂಕರ್ ನೀರನ್ನು ಭಾರಿ ಒತ್ತಡದಲ್ಲಿ ನುಗ್ಗಿಸಿದರು. ಬರೀ ನೀರು, ಕೆಮಿಕಲ್ ಏನೂ ಇಲ್ಲ. ಒತ್ತಡ ತೋರಿಸುವ ಗೇಜ್ ಮುಳ್ಳು ಏರುತ್ತಾ 100 ಬಾರ್ ದಾಟಿತು, ಆಮೇಲೆ ತಟ್ಟನೆ ಇಳಿಯಿತು. ಬಿರುಕು ಬಿಟ್ಟುಕೊಂಡಿದ್ದಕ್ಕೆ ಅದೇ ಗುರುತು. ಪ್ಯಾಕರ್ ಇನ್ನೂ ಕೆಳಗಿಳಿಸಿ ಮತ್ತೆ ಮಾಡಿದರು. ಕಂಪ್ರೆಸರ್‌ನಿಂದ ತೊಳೆದಾಗ ತುಂಬಾ ಹೊತ್ತು ಕೆಸರೇ ಬಂತು. ಈಗ ಒಂದೂವರೆ ಇಂಚು ಇದೆ, ಬೇಸಿಗೆಯಲ್ಲಿ ಸ್ವಲ್ಪ ಕಡಿಮೆ. ಅಡಿಕೆ ಉಳಿಯಿತು, ನಮಗೆ ಅದೇ ದೊಡ್ಡದು.

ಕೋಲಾರದಿಂದ: ನಮಗೆ ಪ್ರಯೋಜನ ಆಗಲಿಲ್ಲ. ಮೊದಲು ಚೆನ್ನಾಗಿಯೇ ನೀರಿದ್ದ ಬೋರ್. ಸುತ್ತಲಿನ ಬೋರ್‌ಗಳೆಲ್ಲ ಬತ್ತಿದ ಮೇಲೆ ಮಾಡಿಸಿದೆವು. ಗೇಜ್ ಇಳಿಯಿತು, ಬಿರುಕೂ ತೆರೆಯಿತು, ಆದರೆ ಅದರೊಳಗೆ ನೀರೇ ಇರಲಿಲ್ಲ. ನಿಮ್ಮ ಅಕ್ಕಪಕ್ಕದ ಬೋರ್‌ಗಳು ಬೇಸಿಗೆಯಲ್ಲೂ ಓಡುತ್ತವಾ ಅಂತ ನೋಡಿಕೊಂಡು ಮುಂದುವರಿಯಿರಿ.

ರಿಗ್ ಕೆಲಸ ಮಾಡುವವನು: ಇಬ್ಬರು ಹೇಳಿದ್ದೂ ಸರಿ. ಮೊದಲು ಬೋರ್ ಒಳಗೆ ಕ್ಯಾಮೆರಾ ಬಿಡಿಸಿ. ಗೋಡೆ ಕುಸಿಯುತ್ತಿದ್ದರೆ ಪ್ಯಾಕರ್ ಸಿಕ್ಕಿಹಾಕಿಕೊಳ್ಳುತ್ತದೆ, ಅಂಥ ಬೋರ್‌ಗೆ ಬೇಡವೇ ಬೇಡ. ಇನ್ನೊಂದು ಮುಖ್ಯ ವಿಷಯ: ಕೆಲಸ ಮುಗಿದ ಕೂಡಲೇ ಜೋರಾಗಿ ಬರುವ ನೀರಿನಲ್ಲಿ ಒಳಗೆ ನುಗ್ಗಿಸಿದ ನೀರೂ ಇರುತ್ತದೆ. ಅದನ್ನು ನೋಡಿ ಪೂರ್ತಿ ದುಡ್ಡು ಕೊಡಬೇಡಿ. ಮೋಟರ್ ಇಳಿಸಿ ಕೆಲವು ದಿನ ಓಡಿಸಿ. ಬಕೆಟ್ ತುಂಬಲು ಎಷ್ಟು ಸೆಕೆಂಡ್ ಬೇಕು ಅಂತ ಮುಂಚೆಯೂ ಆಮೇಲೆಯೂ ಅಳೆಯಿರಿ. ಆಸಿಡ್ ಸುರಿಯೋಣ ಅಂದರೆ ಒಪ್ಪಬೇಡಿ. ಅದು ಕರಗಿಸುವುದು ಸುಣ್ಣಕಲ್ಲನ್ನು, ನಮ್ಮ ಗ್ರಾನೈಟ್ ಮೇಲೆ ಸುಮ್ನೆ ದಂಡ. ಪಕ್ಕದ ತೋಟದವರಿಗೂ ಮೊದಲೇ ತಿಳಿಸಿ. ಎರಡೂ ಬೋರ್‌ಗೆ ಒಂದೇ ಬಿರುಕು ಕೂಡಿಕೊಂಡರೆ ಅವರ ನೀರು ಸ್ವಲ್ಪ ಹೊತ್ತು ಕೆಸರಾಗಬಹುದು, ಆಮೇಲೆ ಅವರ ನೀರಿನಲ್ಲೇ ನಿಮಗೂ ಪಾಲು ಬರಬಹುದು.