ಹಲಸಿನ ಹಣ್ಣು ಬಿಡಿಸಬಹುದಾ?

"ಕಟ್ಟೆ ಒಡೆಸ್ತಾ ಇದೀನಿ" ಅಂತ ಮಂಜಣ್ಣ ಹೇಳಿದಾಗ ಶಂಕ್ರಿಯ ಕೈಯಲ್ಲಿದ್ದ ಗೋಳಿಬಜೆ ಬಾಯಿಯ ಹತ್ತಿರವೇ ನಿಂತಿತು.

"ಎಂತ ಮಾರಾಯ, ಅಶ್ವತ್ಥಕಟ್ಟೆಯಾ?"

"ಅಡುಗೆ ಕಟ್ಟೆ. ಪರಿಸರಸ್ನೇಹಿ ಹಾಕ್ಸಿ ಅಂತ ಮಗಳು ಬೆಂಗಳೂರಿಂದ ಫೋನ್ ಮಾಡಿದ್ಲು."

"ಈಗಿರೋದಕ್ಕೆ ಎಂತ ಆಗಿದೆ?" ಸುಬ್ಬಣ್ಣ ಕೇಳಿದ.

"ಎಂತದೂ ಆಗಿಲ್ಲ. ಕಡಪ ಕಲ್ಲು. ಮೂವತ್ತು ವರ್ಷ ಆಯ್ತು, ಒಂದು ಬಿರುಕಿಲ್ಲ."

"ಹಾಗಾದ್ರೆ ಒಡೆಸಲೇಬೇಕು. ಚೆನ್ನಾಗಿರೋ ಕಲ್ಲು ಒಡೆದು ಒಂದು ಲಾರಿಯಲ್ಲಿ ಕಳಿಸು. ಇನ್ನೊಂದು ಲಾರಿಯಲ್ಲಿ ಹೊಸದು ತರಿಸು. ಪರಿಸರಕ್ಕೆ ಇದಕ್ಕಿಂತ ಹತ್ತಿರದ ಸ್ನೇಹಿತ ಎಲ್ಲಿ ಸಿಗ್ತಾನೆ?"

ಸುಬ್ಬಣ್ಣನಿಗೆ 'ಸ್ನೇಹಿ' ಅನ್ನುವ ಮಾತು ಕೇಳಿದರೇ ಮೈ ಉರಿಯುತ್ತದೆ. ಅವನು ಲೆಕ್ಕ ಇಟ್ಟ ಹಾಗೆ, ಆ ಪದ ಅಂಟಿಸಿದ ಯಾವ ಸಾಮಾನೂ ಜೇಬಿನ ಜೊತೆ ಸ್ನೇಹದಿಂದ ಇಲ್ಲ.

ರಾಘು ಆಗಲೇ ಮೊಬೈಲ್ ತೆಗೆದಿದ್ದ. "ಈಗ ಎಲ್ಲಾ ಕಡೆ ಕ್ವಾರ್ಟ್ಜ್. ನೂರಕ್ಕೆ 90 ಭಾಗ ಕಲ್ಲಿನ ಪುಡಿ, ಉಳಿದದ್ದು ರೆಸಿನ್. ಕಲೆ ಹೀರಲ್ಲ."

"ರೆಸಿನ್ ಅಂದ್ರೆ?"

"ಒಂಥರಾ ಪ್ಲಾಸ್ಟಿಕ್ ಅಂಟು."

"ಬಿಸಿ ಕುಕ್ಕರ್ ಇಳಿಸಿದ್ರೆ?"

"ಕೆಳಗೆ ಸಿಂಬೆ ಇಡಬೇಕು. ಇಲ್ಲದಿದ್ರೆ ಗುರುತು ಬೀಳುತ್ತೆ."

"ಅದು ಹೋಗಲಿ, ಹಲಸಿನ ಹಣ್ಣು ಬಿಡಿಸಬಹುದಾ?"

ರಾಘು ಮೊಬೈಲನ್ನು ಮೇಲೆ ಕೆಳಗೆ ಸರಿಸಿದ. ಹಲಸಿನ ಹಣ್ಣಿನ ವಿಷಯ ಅದರಲ್ಲಿ ಬರೆದಿರಲಿಲ್ಲ.

"ಇನ್ನೊಂದು ವಿಷಯ ಇದೆ" ಅಂದ ಸುಬ್ಬಣ್ಣ. "ಆ ಕ್ವಾರ್ಟ್ಜ್ ಹಲಗೆ ಕತ್ತರಿಸುವಾಗ ಏಳೋ ಧೂಳು ಕೆಲಸದವರ ಎದೆಗೆ ಇಳಿಯುತ್ತೆ. ಸಿಲಿಕೋಸಿಸ್ ಅಂತಾರೆ, ವಾಸಿ ಆಗಲ್ಲ. ಗ್ರಾನೈಟ್ ಕೊಯ್ದರೂ ಧೂಳೇ, ಆದ್ರೆ ಇದರಲ್ಲಿ ಸಿಲಿಕಾ ಬಹಳ ಜಾಸ್ತಿ. ಆಸ್ಟ್ರೇಲಿಯಾದವರು 2024ರ ಜುಲೈ 1ರಿಂದ ಇದನ್ನ ನಿಷೇಧಿಸಿಬಿಟ್ರು."

"ಅಡುಗೆ ಕಟ್ಟೆ ಹಾಕಿದ್ರೆ ಪೊಲೀಸ್ ಬರ್ತಾರಾ?" ಶಂಕ್ರಿಗೆ ನಿಜವಾದ ಆತಂಕ.

"ಹಾಗಾದ್ರೆ ಗಾಜಿಂದು ನೋಡೋಣ" ಅಂದ ರಾಘು. "ಹಳೇ ಬಾಟಲಿ ಪುಡಿ ಮಾಡಿ ಸಿಮೆಂಟಲ್ಲಿ ಕಲೆಸಿ, ಉಜ್ಜಿ ಪಾಲಿಶ್ ಮಾಡ್ತಾರೆ."

ಶಂಕ್ರಿ ಎದೆ ಉಬ್ಬಿಸಿದ. "ನೋಡಿದ್ರಾ? ನಾನು ಇಷ್ಟು ವರ್ಷ ಬಾಟಲಿ ಖಾಲಿ ಮಾಡಿದ್ದು ಸುಮ್ನೆ ಅಲ್ಲ."

"ನಿನ್ನ ಮನೆ ಹಿಂದೆ ಬಿದ್ದಿರೋದ್ರಲ್ಲೇ ತೀರ್ಥಹಳ್ಳಿಯ ಅಷ್ಟೂ ಮನೆಗೆ ಕಟ್ಟೆ ಆಗುತ್ತೆ. ನಿನ್ನ ಲಿವರ್ ತೆಗೆದು ಅಂಚಿಗೆ ಪಟ್ಟಿ ಹೊಡೀಬಹುದು."

ಕಾಗದದ ಕಟ್ಟೆಯೂ ಇದೆಯಂತೆ. ಹಾಳೆಗಳನ್ನು ರೆಸಿನ್ನಲ್ಲಿ ಅದ್ದಿ, ಬಿಸಿ ಮಾಡಿ, ಒತ್ತಿ ಹಲಗೆ ಮಾಡುತ್ತಾರೆ. "ಭದ್ರಾವತಿಯ ಕಾಗದದ ಕಾರ್ಖಾನೆಯೇ ನಿಂತುಹೋಯ್ತು, ಇನ್ನು ಕಾಗದದ ಕಟ್ಟೆ ನಿಲ್ಲುತ್ತಾ?" ಅಂತ ಸುಬ್ಬಣ್ಣ ಅದನ್ನು ಒಂದೇ ಮಾತಿನಲ್ಲಿ ಮುಗಿಸಿದ.

"ಮಗಳು ಹೇಳಿದ್ದು ಬಿದಿರು" ಅಂತ ಮಂಜಣ್ಣ ಮೆಲ್ಲಗೆ ಬಾಯಿಬಿಟ್ಟ. "ಬೇಗ ಬೆಳೆಯುತ್ತೆ, ಕಡಿದ್ರೂ ಮತ್ತೆ ಬರುತ್ತೆ, ಮರದ ಹಾಗಲ್ಲ ಅಂತ. ಪಟ್ಟಿ ಸೀಳಿ, ಅಂಟು ಹಾಕಿ, ಒತ್ತಿ ಮಾಡ್ತಾರಂತೆ. ಚೀನಾದಿಂದ ಬರೋದು."

ಸುಬ್ಬಣ್ಣ ಕಾಫಿ ಲೋಟ ಕೆಳಗಿಟ್ಟ. "ಮಲೆನಾಡಿಗೆ ಚೀನಾದಿಂದ ಬಿದಿರು! ಅಲ್ಲ ಮಾರಾಯ, ಇಷ್ಟು ವರ್ಷ ನಾವು ಮಾಡಿದ್ದೆಂತ? ಇಡೀ ಊರಿನ ಅಡುಗೆ ಕಟ್ಟೆಯನ್ನ ಕಳಲೆ ಪಲ್ಯ ಮಾಡಿ ತಿಂದ್ಕೊಂಡು ಕೂತ್ವಲ್ಲ!"

"ನೋಡೋಕೆ ಚಂದ ಇದೆ. ಜೇನಿನ ಬಣ್ಣ."

"ಇರಲಿ. ಆಗುಂಬೆ ಪಕ್ಕದಲ್ಲಿ ಕೂತಿದೀವಿ. ಅಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ಮಳೆ. ನಮ್ಮಲ್ಲಿ ಜೂನ್ ಬಂದ್ರೆ ಬೀರುವಿನಲ್ಲಿರೋ ಚರ್ಮದ ಬೆಲ್ಟಿಗೇ ಬೂಷ್ಟು ಹಿಡಿಯುತ್ತೆ, ಬಿದಿರು ಬಿಡುತ್ತಾ? ಬೂಷ್ಟು ಬಿಟ್ಟದ್ದನ್ನ ಕುಟ್ಟೆ ತಿನ್ನುತ್ತೆ, ಕುಟ್ಟೆ ಬಿಟ್ಟದ್ದನ್ನ ಒರಲೆ. ಹಲಸಿನ ಹಣ್ಣು..."

"ಬಿಡಿಸೋ ಹಾಗಿಲ್ಲ!" ಎಲ್ಲರೂ ಒಟ್ಟಿಗೆ ಕೂಗಿದರು. ಗಲ್ಲಾದ ಹತ್ತಿರದವರು ತಿರುಗಿ ನೋಡಿದರು.

ಸೋತ ರಾಘುವಿಗೆ ಒಂದು ಕೊನೆಯ ಅಸ್ತ್ರ ಉಳಿದಿತ್ತು. "ಕಡಪ ಕಲ್ಲೇನು ಮಹಾ? ಅದು ಸುಣ್ಣದ ಜಾತಿ. ಹುಳಿ ಬಿದ್ರೆ ಮೇಲಿನ ಹೊಳಪು ತಿಂದುಬಿಡುತ್ತೆ. ನಿಂಬೆಹಣ್ಣು ಬಿದ್ದಲ್ಲೆಲ್ಲ ಬಿಳಿ ಕಲೆ."

"ಅದು ಹೌದು" ಅಂದ ಮಂಜಣ್ಣ. "ನಮ್ಮನೇಲೂ ಇದೆ. ಒಲೆ ಪಕ್ಕ, ಅಂಗೈ ಅಗಲ. ಅಮ್ಮ ಚಿತ್ರಾನ್ನಕ್ಕೆ ಹಣ್ಣು ಹಿಂಡ್ತಿದ್ದದ್ದು ಅಲ್ಲೇ. ಹಿಂಡೋ ಮುಂಚೆ ಕಲ್ಲಿನ ಮೇಲಿಟ್ಟು ಅಂಗೈಯಲ್ಲಿ ಉರುಳಿಸೋರು, ರಸ ಚೆನ್ನಾಗಿ ಬಿಡಲಿ ಅಂತ. ಹೋಳು ಮಾಡಿ ಅಲ್ಲೇ ಕವುಚಿ ಇಟ್ಟುಬಿಡೋರು. ಅಮ್ಮ ಹೋಗಿ ಆರು ವರ್ಷ ಆಯ್ತು. ಮಗಳು ಬಂದಾಗೆಲ್ಲ ಅದನ್ನ ತಿಕ್ಕುತ್ತಾಳೆ. ಹೋಗಲ್ಲ."

ಯಾರೂ ಏನೂ ಅನ್ನಲಿಲ್ಲ. ಹೊರಗೆ ಶಿವಮೊಗ್ಗದ ಬಸ್ಸು ಬಂದು ಹಾರ್ನ್ ಹೊಡೆದು ಹೋಯಿತು. ಸುಬ್ಬಣ್ಣ, ಯಾವತ್ತೂ ಇಲ್ಲದ್ದು, ಬಿಲ್ ತಾನೇ ಕೊಟ್ಟ.

ಆಷಾಢದಲ್ಲಿ ಒಂದು ದಿನ ಮಂಜಣ್ಣನ ಮನೆಗೆ ಹೋದೆವು. ಹೊರಗೆ ಜಡಿಮಳೆ. ಬಿದಿರಿನ ಕಟ್ಟೆ ಬಂದು ಕೂತಿತ್ತು. ಜೇನಿನ ಬಣ್ಣವೇ ಇರಬೇಕು, ಕಾಣಲಿಲ್ಲ. ನೀರು ಬಿದ್ದು ಬೂಷ್ಟು ಬರುತ್ತದೆ ಅಂತ ಅದರ ಮೇಲೆ ಈ ತುದಿಯಿಂದ ಆ ತುದಿಗೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿದ್ದರು. ಸುಬ್ಬಣ್ಣ ಬಾಯಿ ತೆರೆದ. ನಾನು ಅವನ ಕಾಲು ತುಳಿದೆ.

"ಒಳಗೆ ಬೇಡ, ಹಿಂದೆ ಬನ್ನಿ" ಅಂತ ಮಂಜಣ್ಣನ ಹೆಂಡತಿ ಕರೆದರು. ಹಿಂದಿನ ಮಾಡಿನ ಕೆಳಗೆ, ಜೋಡಿಸಿಟ್ಟ ಜಂಬಿಟ್ಟಿಗೆಗಳ ಮೇಲೆ ಹಳೇ ಕಡಪ ಕಲ್ಲು ಕೂತಿತ್ತು. ಅದರ ಮೇಲೆ ಎರಡು ಹೋಳಾಗಿ ಬಿದ್ದಿದ್ದ ಹಲಸಿನ ಹಣ್ಣು. ಅವರು ಕೈಗೆ ಕೊಬ್ಬರಿ ಎಣ್ಣೆ ಸವರಿಕೊಂಡು ತೊಳೆ ಬಿಡಿಸುತ್ತಾ ಇದ್ದರು. ಕಲ್ಲಿನ ಮೇಲೆಲ್ಲ ಮೇಣ, ಒಂದು ಮೂಲೆಯ ಅಂಗೈ ಅಗಲದ ಬಿಳಿ ಜಾಗ ಬಿಟ್ಟು. ಶಂಕ್ರಿ ಅಲ್ಲೇ ತಟ್ಟೆ ಇಡಲು ಹೋದ.

"ಅಲ್ಲಿ ಬೇಡ" ಅಂದ ಮಂಜಣ್ಣ. "ಈಚೆ ಇಡು."